ಬೇಲ್ ಆಗಿ ಐದು ವಾರ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಆ ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ.)

ಏಪ್ರಿಲ್‌ನ ಒಂದು ಶುಕ್ರವಾರ, ಮಡಿಕೇರಿ ಸಂತೆಯ ದಿನ, ಆಪ್ತ ಸಮಾಲೋಚನೆಗೆಂದು ಆಕೆ ನನ್ನ ಬಳಿ ಬಂದರು. ವಯಸ್ಸು ಮೂವತ್ತರ ಆಸುಪಾಸು. ಸಿದ್ದಾಪುರದ ಕಡೆ ಕಾಫಿ ತೋಟವೊಂದರ ಲೈನ್‌ಮನೆಯಲ್ಲಿ (ಕೆಲಸಗಾರರ ಸಾಲುಮನೆ) ವಾಸ. ಜೊತೆಗೆ ಏಳು ವರ್ಷದ ಮಗ. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ, ಕ್ಲಾಸಿನಲ್ಲಿ ಬಾಯೇ ಬಿಡುವುದಿಲ್ಲ ಎಂದು ಟೀಚರ್ ಕಳಿಸಿದ್ದರು. ಅಪ್ಪ ಎಲ್ಲಿ ಎಂದು ಕೇಳಿದೆ. ಕೇರಳಕ್ಕೆ ಕೆಲಸಕ್ಕೆ ಹೋಗಿದ್ದಾರೆ ಎಂದರು. ಹುಡುಗನಿಗೆ ಬಣ್ಣದ ಪೆನ್ಸಿಲ್ ಕೊಟ್ಟು ಆಚೆ ಕೂರಿಸಿ ಬಂದೆ. ಆಗ ದನಿ ತಗ್ಗಿಸಿದರು: "ಮೇಡಂ, ಅವ್ರು ಇಲ್ಲೇ ಜೈಲಲ್ಲಿದ್ದಾರೆ."

ಜನವರಿಯಲ್ಲಿ, ಕಾಫಿ ಕುಯ್ಲಿನ ಸಮಯ. ಸಂಬಳದ ದಿನ ಆಕೆಯ ಗಂಡನಿಗೂ ಇನ್ನೊಬ್ಬನಿಗೂ ಜಗಳವಾಗಿ ಆ ಇನ್ನೊಬ್ಬನ ತಲೆಗೆ ಪೆಟ್ಟಾಗಿತ್ತು. ಮಾರ್ಚ್‌ನಲ್ಲಿ ಬೇಲ್ ಸಿಕ್ಕಿತ್ತು, ಇಬ್ಬರ ಶೂರಿಟಿ (ಹೊಣೆ) ಬೇಕಿತ್ತು. ಬೇಲ್ ಆಗಿ ಆಗಲೇ ಐದು ವಾರ ಕಳೆದಿತ್ತು.

"ಶೂರಿಟಿಗೆ ಆರ್‌ಟಿಸಿ (ಜಮೀನಿನ ಪಹಣಿ) ಬೇಕಂತೆ. ನಮ್ಮವ್ರಲ್ಲಿ ಯಾರ ಹೆಸರಲ್ಲಿ ಜಾಗ ಇದೆ ಮೇಡಂ?"

ನನ್ನಲ್ಲಿ ಉತ್ತರ ಇರಲಿಲ್ಲ. ಲೈನ್‌ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಸ್ವಂತ ಜಾಗ ಎಲ್ಲಿಂದ ಬರಬೇಕು? ಪರಿಚಯದ ಒಬ್ಬರು ಮೊದಲು ಒಪ್ಪಿಕೊಂಡಿದ್ದರಂತೆ. ಆದರೆ ಅವರದು ಜಮ್ಮಾ ಜಾಗ (ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬರುವ ಜಮೀನು), ಆರ್‌ಟಿಸಿಯಲ್ಲಿ ಕುಟುಂಬದ ಹಲವರ ಹೆಸರು. ಬೇರೆಯವರ ಕೇಸಿಗೆ ಅದನ್ನು ಕೊಡುವುದು ಬೇಡ ಎಂದು ಮನೆಯವರು ತಡೆದರಂತೆ. ಅವರನ್ನೂ ದೂರಲಾರೆ.

ಆಕೆ ಒಂದೇ ಸಲ ಜೈಲಿಗೆ ಹೋಗಿದ್ದರು. ಆಧಾರ್ ಕಾರ್ಡ್ ತಂದಿರಲಿಲ್ಲ ಅಂತ ಗೇಟಿನಿಂದಲೇ ವಾಪಸ್ ಬಂದವರು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. "ಕಳ್ಳನ ಹೆಂಡ್ತಿ ಅಂತ ನೋಡ್ತಾರೆ" ಎಂದು ಅತ್ತರು. ಕಳ್ಳತನದ ಕೇಸೇ ಅಲ್ಲ ಅದು. ನಾಚಿಕೆಗೆ ಅಷ್ಟೆಲ್ಲ ವ್ಯತ್ಯಾಸ ಗೊತ್ತಾಗುವುದಿಲ್ಲ ಅಲ್ವಾ?

ಮೊದಲು ಆ ನಾಚಿಕೆಯ ಬಗ್ಗೆಯೇ ಮಾತಾಡಿದೆವು. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5.73 ಲಕ್ಷ ಜನ ಇದ್ದರು, ಜಾಗ ಇದ್ದದ್ದು 4.36 ಲಕ್ಷ ಜನರಿಗೆ. ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಅಂದರೆ ಅವರು ತಪ್ಪು ಮಾಡಿದ್ದಾರೆಂದು ಕೋರ್ಟ್ ಇನ್ನೂ ಹೇಳಿಲ್ಲ. "ನಿಮ್ಮ ಗಂಡನೂ ಅವರಲ್ಲೊಬ್ಬರು, ಅವರಿಗೆ ಶಿಕ್ಷೆ ಆಗಿಲ್ಲ" ಎಂದೆ. ಎರಡು ಸಲ ಹೇಳಿಸಿಕೊಂಡರು.

ಒಳಗಿನ ಕಷ್ಟವನ್ನೂ ಮುಚ್ಚಿಡಲಿಲ್ಲ. ಜೈಲುಗಳಿಗೆ ಹೋಗಿ ಬರುವ ನನಗೆ ಅಲ್ಲಿನ ದಿನಚರಿ ಗೊತ್ತು. ಬೆಳಿಗ್ಗೆ ಬ್ಯಾರಕ್ ಬೀಗ ತೆಗೆದು ತಲೆ ಎಣಿಸುತ್ತಾರೆ, ಸಂಜೆ ಎಣಿಸಿ ಬೀಗ ಹಾಕುತ್ತಾರೆ. ಎಷ್ಟೋ ಕಡೆ ವಾರ್ಡರ್‌ಗಳು ಸಾಲುವುದಿಲ್ಲ, ಇರುವವರು ರಜೆಯಿಲ್ಲದೆ ದುಡಿಯುತ್ತಾರೆ. ಕೋರ್ಟಿಗೆ ಕರೆದೊಯ್ಯಲು ಹೊರಗಿನಿಂದ ಪೊಲೀಸರು ಬರಬೇಕು. ದಸರೆಗೋ ತಲಕಾವೇರಿ ತೀರ್ಥೋದ್ಭವಕ್ಕೋ ಬಂದೋಬಸ್ತ್ ಬಿದ್ದರೆ ಅವರನ್ನು ಹೊಂದಿಸುವುದೇ ಕಷ್ಟ. ಆಗ ವಿಡಿಯೋದಲ್ಲೇ ಹಾಜರು, ಇಲ್ಲವೇ ಮುಂದಿನ ತಾರೀಕು. ಇದರ ನಡುವೆ ಒಬ್ಬ ಕೈದಿ ಮಾತು ನಿಲ್ಲಿಸಿದ್ದಾನೆ, ಊಟ ಬಿಟ್ಟಿದ್ದಾನೆ ಅಂತ ಗಮನಿಸುವವರು ಯಾರು? ಅದಕ್ಕೇ ಮನೆಯವರ ಭೇಟಿಗೆ ಅಷ್ಟು ಬೆಲೆ. ಬಂದು ನೋಡಿದವರೇ ಮೊದಲು ಕಂಡುಹಿಡಿಯುತ್ತಾರೆ.

"ಮುಂದಿನ ವಾರ ಆಧಾರ್ ತಗೊಂಡು ಹೋಗಿ. ಕೇಸಿನ ಮಾತು ಕಡಿಮೆ ಮಾಡಿ. ಊಟ, ನಿದ್ದೆ ಕೇಳಿ. ಮಗನ ಸುದ್ದಿ ಹೇಳಿ" ಎಂದೆ.

ಶೂರಿಟಿಗೆ ಬೇರೆ ದಾರಿ ಇತ್ತು. 2023ರ ಜನವರಿ 31ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ, ಬೇಲ್ ಆಗಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಶೂರಿಟಿ ಕೊಡಲಾಗದಿದ್ದರೆ ಕೋರ್ಟ್ ತಾನಾಗಿಯೇ ಷರತ್ತು ಸಡಿಲಿಸಬಹುದು. ಕಸ್ಟಡಿಯಲ್ಲಿರುವವರಿಗೆ ವಕೀಲರ ನೆರವು ಉಚಿತ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯೇ ಹಾಗೆ ಹೇಳುತ್ತದೆ. ಸುಮ್ನೆ ವಿಳಾಸ ಬರೆದುಕೊಟ್ಟರೆ ಆಕೆ ಹೋಗುವುದಿಲ್ಲ ಅನ್ನಿಸಿತು. ಅಲ್ಲೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಹಚ್ಚಿಸಿದೆ. ಮಾತು ಅವರೇ ಆಡಿದರು. ನಾನು ಪಕ್ಕದಲ್ಲಿ ಕೂತಿದ್ದೆ.

ಮಗನ ವಿಷಯಕ್ಕೆ ತುಂಬಾ ಹೊತ್ತು ಹಿಡಿಯಿತು. ಹುಡುಗ ಬರೆದ ಚಿತ್ರದಲ್ಲಿ ಒಂದು ಜೀಪು, ಅದರ ಹಿಂದೆ ಸಣ್ಣ ಮನುಷ್ಯ. ಪೊಲೀಸರು ಬಂದದ್ದನ್ನು ಅವನು ನೋಡಿದ್ದ. ಕೇರಳದ ಕಥೆ ಅವನು ನಂಬಿಯೇ ಇರಲಿಲ್ಲ. ಅಮ್ಮನಿಗೆ ಬೇಜಾರಾಗುತ್ತೆ ಅಂತ ನಂಬಿದವನ ಹಾಗೆ ಇದ್ದ. "ನಿಜ ಹೇಳಿ. ಅಪ್ಪ ಜಗಳ ಮಾಡಿದ್ರು, ಅದು ತಪ್ಪು. ಕೋರ್ಟ್ ವಿಚಾರಣೆ ಮಾಡ್ತಿದೆ. ಅಪ್ಪನಿಗೆ ನೀನಂದ್ರೆ ಇಷ್ಟ. ಇಷ್ಟೇ ಸಾಕಮ್ಮ" ಎಂದೆ. ಆ ರಾತ್ರಿಯೇ ಹೇಳಿದರಂತೆ. ಹುಡುಗ ಕೇಳಿದ್ದು ಒಂದೇ: "ಅಲ್ಲಿ ಕಂಬಳಿ ಕೊಡ್ತಾರಾ?"

ಪ್ರಾಧಿಕಾರದ ವಕೀಲರು ಅರ್ಜಿ ಹಾಕಿದರು. ಷರತ್ತು ಸಡಿಲವಾಯಿತು. ಮೇ ಮೂರನೇ ವಾರ ಆತ ಮನೆಗೆ ಬಂದರು.

ಹುಡುಗ ಈಗ ಶಾಲೆಗೆ ಹೋಗುತ್ತಿದ್ದಾನೆ. ಹಾಸಿಗೆ ಒದ್ದೆಯಾಗುವುದು ಪೂರ್ತಿ ನಿಂತಿಲ್ಲ. ಬ್ಯಾರಕ್‌ನಲ್ಲಿ ರಾತ್ರಿಯಿಡೀ ಲೈಟ್ ಉರಿಯುತ್ತಿತ್ತಂತೆ, ಲೈಟ್ ಆರಿಸಿದರೆ ಅಪ್ಪನಿಗೆ ನಿದ್ದೆ ಹತ್ತುತ್ತಿಲ್ಲ. ಮುಂದಿನ ಶುಕ್ರವಾರ ಮೂವರೂ ಬರುತ್ತಿದ್ದಾರೆ.