ಕಲಿತ ಇಂಗ್ಲಿಷ್ ಪದ ನೆನಪಿನಲ್ಲಿ ಉಳಿಯಲು

ಪ್ರಶ್ನೆ: ಮುನಿಸಿಪಲ್ ಕನ್ನಡ ಶಾಲೆಯಲ್ಲಿ ಓದಿದವಳು ನಾನು. ಬ್ಯಾಂಕ್ ಪರೀಕ್ಷೆಗೆಂದು ದಿನಕ್ಕೆ 30 ಕಠಿಣ ಇಂಗ್ಲಿಷ್ ಪದಗಳನ್ನು ಅರ್ಥಸಹಿತ ಬಾಯಿಪಾಠ ಮಾಡುತ್ತೇನೆ. ವಾರದೊಳಗೆ ಎಲ್ಲ ಮರೆತುಹೋಗುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮೊದಲು 30ನ್ನು 8ಕ್ಕೆ ಇಳಿಸಿ. ತೊಂದರೆ ನಿಮ್ಮ ನೆನಪಿನ ಶಕ್ತಿಯದಲ್ಲ, ಪುನರಾವರ್ತನೆಯ ಅಂತರದ್ದು. ಹೊಸದಾಗಿ ಕಲಿತದ್ದು ಮೊದಲ ದಿನಗಳಲ್ಲೇ ಹೆಚ್ಚು ಮರೆಯುತ್ತದೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಆದ್ದರಿಂದ 1, 3, 7, 21ನೇ ದಿನ ಮತ್ತೆ ನೋಡಿ. ನೋಡುವುದೆಂದರೆ ಓದುವುದಲ್ಲ, ಅರ್ಥ ಮುಚ್ಚಿಟ್ಟು ನೆನಪಿಸಿಕೊಳ್ಳುವುದು. ತಪ್ಪಿದ ಪದ ಮತ್ತೆ ಮೊದಲ ದಿನಕ್ಕೆ ಹೋಗಲಿ.

ಪ್ರತಿ ಪದಕ್ಕೂ ಒಂದು ಚೀಟಿ ಮಾಡಿ. ಅದರ ಮುಂಭಾಗದಲ್ಲಿ ಬರೀ ಪದ ಬರೆಯಬೇಡಿ, ಪದದ ಜಾಗ ಖಾಲಿ ಬಿಟ್ಟ ವಾಕ್ಯ ಬರೆಯಿರಿ. ಪರೀಕ್ಷೆ ಕೇಳುವುದೂ ಹಾಗೆಯೇ. ಹಿಂದೆ ಪದ, ಕನ್ನಡ ಅರ್ಥ, ಜೊತೆಗೆ ಬರುವ ಪದ. ‘ಮಿಟಿಗೇಟ್’ ಅಂದರೆ ತೀವ್ರತೆ ತಗ್ಗಿಸು. ಅದು ‘ರಿಸ್ಕ್’, ‘ಡ್ಯಾಮೇಜ್’ಗಳ ಜೊತೆ ನೇರವಾಗಿ ಬರುತ್ತದೆ. ‘ಎಗೇನ್ಸ್ಟ್’ ಸೇರುವುದು ಇದಕ್ಕಲ್ಲ, ಇದರಂತೆಯೇ ಕೇಳಿಸುವ ‘ಮಿಲಿಟೇಟ್’ಗೆ, ಅಂದರೆ ಅಡ್ಡಿಯಾಗು. ಅರ್ಥ ಮಾತ್ರ ಕಲಿತವರು ಇಲ್ಲೇ ಅಂಕ ಕಳೆದುಕೊಳ್ಳುತ್ತಾರೆ.

ಲ್ಯಾಟಿನ್ ಮೂಲಗಳೂ ನೆರವಾಗುತ್ತವೆ: ‘ಬೆನೆ’ ಒಳಿತು, ‘ಮ್ಯಾಲೆ’ ಕೆಡುಕು, ‘ವೊಲೆನ್ಸ್’ ಬಯಸುವ. ಬೆನೆವೊಲೆಂಟ್, ಮಲೆವೊಲೆಂಟ್ ಒಟ್ಟಿಗೇ ಸಿಕ್ಕವು. ಆದರೆ ಸಮಾನಾರ್ಥಕಗಳನ್ನು ಒಂದೇ ದಿನ ಕಲಿಯಬೇಡಿ, ಒಂದರೊಳಗೊಂದು ಕಲಸಿಹೋಗುತ್ತವೆ.

ಹೊಸ ಪದಗಳನ್ನು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯದಿಂದ ಆರಿಸಿ. ಲೋಕಲ್ ರೈಲಿನಲ್ಲಿ ನಿಂತು ಹೋಗುವಾಗ ಹಳೆಯ ಚೀಟಿಗಳಷ್ಟೇ ಸಾಕು. ಹೊಸದನ್ನು ಮನೆಯಲ್ಲಿ ಬರೆದೇ ಕಲಿಯಿರಿ.