ಮರೆಯಾಗಿ ಮರಳುವ ಪಟ್ಟಿಗಳು

ಪ್ರಶ್ನೆ: ನಾನು ಬಿ.ಎಸ್‌ಸಿ. ವಿದ್ಯಾರ್ಥಿನಿ. ಸೋಡಿಯಂ ದೀಪವಿಟ್ಟು ಮೈಕೆಲ್ಸನ್ ಇಂಟರ್‌ಫೆರೋಮೀಟರಿನ (ಬೆಳಕನ್ನು ಎರಡು ದಾರಿಗಳಾಗಿ ಒಡೆದು, ಕನ್ನಡಿಗಳಿಂದ ಮರಳಿಸಿ ಮತ್ತೆ ಕೂಡಿಸುವ ಉಪಕರಣದ) ಕನ್ನಡಿಯನ್ನು ಸರಿಸುತ್ತ ಹೋದಾಗ, ಆ ಬೆಳಕುಗಳು ಕೂಡಿ ಮೂಡಿಸುವ ಬೆಳಕು-ಕತ್ತಲೆಯ ವ್ಯತಿಕರಣದ ಪಟ್ಟಿಗಳು ಮಸುಕಾಗಿ ಮಾಯವಾದವು. ಇನ್ನಷ್ಟು ಸರಿಸಿದಾಗ ಮತ್ತೆ ಮೂಡಿದವು. ಕೊಹೆರೆನ್ಸ್, ಅಂದರೆ ಬೆಳಕಿನ ಅಲೆಗಳು ಒಂದಕ್ಕೊಂದು ಹೊಂದಿಕೊಂಡು ಸಾಗುವ ಸಂಸಕ್ತತೆ, ಕಳೆದುಹೋಗಿ ಮರಳಿ ಬರುತ್ತದೆಯೇ? ಪಟ್ಟಿಗಳು ಮೊದಲು ಮಾಯವಾದ ದೂರವನ್ನೇ ಸಂಸಕ್ತತೆಯ ಉದ್ದವೆಂದು, ಅಂದರೆ ಆ ಹೊಂದಿಕೆ ಉಳಿಯುವ ದೂರವೆಂದು, ಬರೆಯಬಹುದೇ?

ಉತ್ತರ: ಹಾಗೆ ಬರೆಯಬೇಡಿ. ಸೋಡಿಯಂ ದೀಪದ ಹಳದಿ ಕಣ್ಣಿಗೆ ಒಂದೇ ಬಣ್ಣವಾಗಿ ಕಂಡರೂ ಅದರಲ್ಲಿ 589.0 ಮತ್ತು 589.6 ನ್ಯಾನೋಮೀಟರಿನ ಎರಡು ತರಂಗಾಂತರಗಳಿದ್ದು, ಪ್ರತಿಯೊಂದೂ ತನ್ನದೇ ಪಟ್ಟಿಗಳನ್ನು ಮೂಡಿಸುತ್ತದೆ. ಉಪಕರಣದ ಎರಡು ಬಾಹುಗಳು, ಅಂದರೆ ಬೆಳಕಿನ ಎರಡು ದಾರಿಗಳು, ಸಮವಿದ್ದಾಗ ಇವು ಒಂದರ ಮೇಲೊಂದು ಕೂರುತ್ತವೆ. ಕನ್ನಡಿ ಸರಿದಂತೆಲ್ಲ ಒಂದು ಸಾಲು ಇನ್ನೊಂದಕ್ಕಿಂತ ತುಸುತುಸುವೇ ಹಿಂದುಳಿಯುತ್ತ, ಕೊನೆಗೆ ಒಂದರ ಬೆಳಕಿನ ಪಟ್ಟಿ ಇನ್ನೊಂದರ ಕಪ್ಪು ಪಟ್ಟಿಯನ್ನು ತುಂಬಿಬಿಟ್ಟಾಗ ದೂರದರ್ಶಕದಲ್ಲಿ ಬರೀ ಹಳದಿ ಹರಡಿಕೊಂಡಂತೆ ಕಾಣುತ್ತದೆ. ಒಂದು ಮಸುಕಿನಿಂದ ಮುಂದಿನ ಮಸುಕಿಗೆ ಕನ್ನಡಿ ಸರಿಯುವುದು ಸುಮಾರು 0.29 ಮಿಲಿಮೀಟರ್, ನಿಮ್ಮ ತಿರುಪಿನ ಅಳತೆಯೂ ಅಷ್ಟೇ ಬಂದಿರಬೇಕು. ಫ್ರಾನ್ಸಿನ ಭೌತವಿಜ್ಞಾನಿ ಫಿಜೋ 1862ರಲ್ಲಿ ಇದೇ ಸೋಡಿಯಂ ಬೆಳಕಿನಲ್ಲಿ ನ್ಯೂಟನ್ ಉಂಗುರಗಳನ್ನು (ಮಸೂರ ಮತ್ತು ಗಾಜಿನ ನಡುವೆ ಮೂಡುವ ದುಂಡು ವ್ಯತಿಕರಣ ಪಟ್ಟಿಗಳನ್ನು) ಒಂದೊಂದಾಗಿ ಎಣಿಸುತ್ತ, ಅವು 490ರ ಸುಮಾರಿಗೆ ಮಾಯವಾಗಿ 980ರ ಸುಮಾರಿಗೆ ಮರಳುವುದನ್ನು ಗುರುತಿಸಿದ್ದರು. ಆ ತಾಳ್ಮೆಯನ್ನು ನೆನೆದರೆ ಇಂದಿಗೂ ಗೌರವ ಮೂಡುತ್ತದೆ.

ಸಂಸಕ್ತತೆ ನಿಜವಾಗಿ ಕುಗ್ಗುವುದು ಬೇರೆ ಕಡೆ ಕಾಣುತ್ತದೆ. ಪಟ್ಟಿಗಳು ಪ್ರತಿಸಲ ಮರಳಿದಾಗಲೂ ಹಿಂದಿನಷ್ಟು ಸ್ಫುಟವಾಗಿರುವುದಿಲ್ಲ, ಏಕೆಂದರೆ ದೀಪದೊಳಗಿನ ಪರಮಾಣುಗಳ ಓಟ ಮತ್ತು ಡಿಕ್ಕಿಗಳಿಂದ ಎರಡು ತರಂಗಾಂತರಗಳೂ ತಮ್ಮಷ್ಟಕ್ಕೆ ಸ್ವಲ್ಪ ಅಗಲವಾಗಿಯೇ ಇರುತ್ತವೆ. ಆದುದರಿಂದ ಪಟ್ಟಿಯ ಅತಿ ಹೆಚ್ಚಿನ ಹಾಗೂ ಅತಿ ಕಡಿಮೆ ತೀವ್ರತೆಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ ಸ್ಫುಟತೆಯನ್ನು ಲೆಕ್ಕ ಹಾಕಿ, ಪ್ರತಿ ಮರುಕಳಿಕೆಯ ಶಿಖರವನ್ನು ಗ್ರಾಫಿನಲ್ಲಿ ಗುರುತಿಸಿ. ಆ ಶಿಖರಗಳನ್ನು ಸೇರಿಸುವ ಗೆರೆ ಇಳಿಯುವ ಬಗೆಯೇ ಸಂಸಕ್ತತೆಯ ಉದ್ದವನ್ನು ಹೇಳುತ್ತದೆ. ಪಥವ್ಯತ್ಯಾಸವು, ಅಂದರೆ ಬೆಳಕಿನ ಎರಡು ದಾರಿಗಳ ಉದ್ದದ ಅಂತರವು, ಕನ್ನಡಿ ಸರಿದ ದೂರದ ಎರಡರಷ್ಟು ಎಂಬುದನ್ನು ಮರೆಯಬೇಡಿ. ದಾಖಲೆ ಪುಸ್ತಕಗಳಲ್ಲಿ ಹೆಚ್ಚು ತಪ್ಪಾಗುವುದು ಇಲ್ಲಿಯೇ. ಈ ಉಪಕರಣವನ್ನು ರೂಪಿಸಿದ ಮೈಕೆಲ್ಸನ್ ಇಂಥ ಸ್ಫುಟತೆಯನ್ನು ಬರಿಗಣ್ಣಿನಿಂದಲೇ ಅಂದಾಜು ಮಾಡಿ, ಜಲಜನಕದ ಕೆಂಪು ರೇಖೆ ಜೋಡಿಯೆಂದೂ ಕ್ಯಾಡ್ಮಿಯಂನ ಕೆಂಪು ರೇಖೆ ಬಹಳ ಶುದ್ಧವೆಂದೂ ಕಂಡುಕೊಂಡು, 1892-93ರಲ್ಲಿ ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿ ಮೀಟರಿನ ಉದ್ದವನ್ನು ಅಳೆಯಲು ಕ್ಯಾಡ್ಮಿಯಂ ಬೆಳಕನ್ನೇ ಆರಿಸಿಕೊಂಡರು.

ಹೀಲಿಯಂ-ನಿಯಾನ್ ಲೇಸರಿನಲ್ಲಿಯೂ ಇದೇ ಎಚ್ಚರ ಬೇಕು. ಅದರಲ್ಲಿ ಒಂದಕ್ಕಿಂತ ಹೆಚ್ಚು ಆವೃತ್ತಿಗಳು ಒಟ್ಟಿಗೆ ಹೊಮ್ಮುತ್ತಿದ್ದರೆ, ಮಸುಕಾದ ಪಟ್ಟಿಗಳು ಲೇಸರ್ ಕೊಳವೆಯ ಕನ್ನಡಿಗಳ ನಡುವಿನ ದೂರದ ಎರಡರಷ್ಟು ಪಥವ್ಯತ್ಯಾಸ ಬಂದಾಗ ಮತ್ತೆ ಸ್ಫುಟವಾಗುತ್ತವೆ. ಬಿಳಿ ಬೆಳಕಿನದು ಇದಕ್ಕೆ ತದ್ವಿರುದ್ಧ: ಅದರ ಸಂಸಕ್ತತೆಯ ಉದ್ದ ಹೆಚ್ಚುಕಡಿಮೆ ಒಂದು ಮೈಕ್ರೋಮೀಟರ್ ಮಾತ್ರ. ಬಾಹುಗಳು ಸಮವಾಗುವ ಸ್ಥಾನವನ್ನು ಗುರುತಿಸಲು ಅದರಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲವಾದ್ದರಿಂದ, ನಿಮ್ಮ ಗ್ರಾಫಿನ ಸೊನ್ನೆಯ ಬಿಂದುವನ್ನು ಮೊದಲು ಬಿಳಿ ಬೆಳಕಿನಲ್ಲಿಯೇ ಹುಡುಕಿಕೊಳ್ಳಿ.