ಹಿತ್ತಲ ಬಾಳೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಚ್ಚಲ ನೀರು ಹೋಗುವ ಕಡೆ ನಾಲ್ಕೈದು ಬುಡ ಬಾಳೆ ನೆಡಬೇಕೆಂದಿದ್ದೇವೆ. ಯಾವ ಜಾತಿ ಒಳ್ಳೆಯದು, ಯಾವಾಗ ನೆಡಬೇಕು? ಹಣ್ಣು ಪೇಟೆಯಲ್ಲೇ ಸಿಗುವಾಗ ಇಷ್ಟು ಕೆಲಸ ಮಾಡಿ ಏನು ಫಲ?
– ಕುಮಟಾದ ಓದುಗರು

ಉತ್ತರ: ಫಲ ಖಂಡಿತ ಉಂಟು. ಏಲಕ್ಕಿ ಬಾಳೆಯ ಗೊನೆ 8ರಿಂದ 12 ಕಿಲೋ ತೂಗುತ್ತದೆ. ಪಚ್ಚಬಾಳೆಯನ್ನು ಚೆನ್ನಾಗಿ ಸಾಕಿದರೆ 20 ಕಿಲೋ ದಾಟುತ್ತದೆ. ಪಲ್ಯಕ್ಕೆ ಕುಂಡಿಗೆ (ಬಾಳೆಹೂವಿನ ಮೊಗ್ಗು), ಹಶಿಗೆ (ಮೊಸರಿನ ಪಚಡಿಗೆ) ದಿಂಡು, ಊಟಕ್ಕೆ ಎಲೆ, ಹೂ ಕಟ್ಟಲು ನಾರು, ಇವೆಲ್ಲ ಬೇರೆ. ಬೇಕಾದ ಹೊತ್ತಿಗೆ ಹಸಿಹಸಿಯಾಗಿ ಇವು ಪೇಟೆಯಲ್ಲಿ ಸಿಗುವುದಿಲ್ಲ.

ಐದೂ ಬುಡವನ್ನು ಒಂದೇ ದಿನ ಮಾತ್ರ ನೆಡಬೇಡಿ. ಹಾಗೆ ಮಾಡಿದವರ ಮನೆಯಲ್ಲಿ ಐದು ಗೊನೆ ಒಟ್ಟಿಗೆ ಬಲಿತು, ಅರ್ಧ ಹಣ್ಣು ಕೊಳೆಯುತ್ತದೆ. ಆಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ. ಜೋರು ಮಳೆ ಇಳಿದ ಮೇಲೆ ಸೆಪ್ಟೆಂಬರ್ ಕೊನೆಗೆ ಎರಡು, ಡಿಸೆಂಬರ್‌ನಲ್ಲಿ ಎರಡು, ನೀರಿನ ಅನುಕೂಲವಿದ್ದರೆ ಫೆಬ್ರವರಿಯಲ್ಲಿ ಒಂದು ನೆಡಿ. ನಮ್ಮ ಕರಾವಳಿಯ 3,000 ಮಿ.ಮೀ. ಆಸುಪಾಸಿನ ಮಳೆಯಲ್ಲಿ ಜೂನ್‌ನಲ್ಲಿ ನೆಟ್ಟ ಕಂದು (ತಾಯಿಬಾಳೆಯ ಬುಡದಲ್ಲಿ ಹುಟ್ಟುವ ಮರಿ) ಗುಂಡಿಯಲ್ಲಿ ನೀರು ನಿಂತು ಕೊಳೆಯುವುದೇ ಹೆಚ್ಚು. ಎರಡು ಏಲಕ್ಕಿ, ಎರಡು ಮೈಸೂರು ಬಾಳೆ, ಅಡುಗೆಗೆ ಒಂದು ಬೂದಿಬಾಳೆ ಇದ್ದರೆ ಸಾಧಾರಣ ಸಂಸಾರಕ್ಕೆ ಸಾಕು. ಮೈಸೂರು ಬಾಳೆ ಗಟ್ಟಿ ಜಾತಿ, ಮಳೆಗಾಲದ ಎಲೆಚುಕ್ಕೆಯನ್ನು ತಡೆದುಕೊಳ್ಳುತ್ತದೆ.

ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯಿರಿ. ಗುಂಡಿಯಿಂದ ಗುಂಡಿಗೆ 7 ಅಡಿ ಇರಲಿ. ನಮ್ಮ ಚಿರೆಕಲ್ಲಿನ ಮಣ್ಣು ಹುಳಿ. ಹಾಗಾಗಿ ಗುಂಡಿಗೆ ಅರ್ಧ ಕಿಲೋ ಸುಣ್ಣ ಹಾಕಿ 15 ದಿನ ಬಿಟ್ಟು, ಆಮೇಲೆ 10–15 ಕಿಲೋ ಕೊಟ್ಟಿಗೆ ಗೊಬ್ಬರ, ಅರ್ಧ ಕಿಲೋ ಬೇವಿನ ಹಿಂಡಿ, ಅರ್ಧ ಕಿಲೋ ರಾಕ್ ಫಾಸ್ಫೇಟನ್ನು ಮೇಲ್ಮಣ್ಣಿನೊಂದಿಗೆ ಬೆರೆಸಿ ತುಂಬಿ.

ಕಂದು ಆರಿಸುವಾಗ ಎಲೆ ನೋಡಿ. ಕತ್ತಿಯ ಅಲಗಿನಂತೆ ಕಿರಿದಾದ ಎಲೆ, ದಪ್ಪ ಬುಡ, ಒಂದೂವರೆಯಿಂದ ಎರಡು ಕಿಲೋ ತೂಕದ ಗಡ್ಡೆ ಇದ್ದರೆ ಅದು ಒಳ್ಳೆಯ ಕಂದು. ಚಿಕ್ಕದರಲ್ಲೇ ಅಗಲ ಎಲೆ ಬಿಟ್ಟು ಬುಡ ಸಣಕಲಾಗಿರುವುದು ನೋಡಲು ಚೆಂದ, ಆದರೆ ಅದರ ಗೊನೆ ಸಣ್ಣದು. ಕಿತ್ತ ಮೇಲೆ ಬೇರು ಸವರಿ, ಗಡ್ಡೆಯ ಸಿಪ್ಪೆಯನ್ನು ತೆಳ್ಳಗೆ ಕೆತ್ತಿ. ಒಳಗೆ ಪೂರ್ತಿ ಬಿಳಿ ಇರಬೇಕು. ಪೆನ್ಸಿಲ್ ಗಾತ್ರದ ಕಪ್ಪು ದಾರಿಗಳು ಕಂಡರೆ ಅದು ಗಡ್ಡೆ ಕೊರೆಯುವ ಮೂತಿಹುಳದ ಕೆಲಸ. ಆ ಕಂದನ್ನು ಯಾರು ಕೊಟ್ಟರೂ ಹಿತ್ತಲಿಗೆ ತರಬೇಡಿ.

ನೆಟ್ಟು 2, 4 ಮತ್ತು 6 ತಿಂಗಳಿಗೆ ಬುಡಕ್ಕೆ 130 ಗ್ರಾಂ ಯೂರಿಯಾ, 125 ಗ್ರಾಂ ಪೊಟ್ಯಾಷ್ ಕೊಡಿ. ಕಾಂಡಕ್ಕೆ ತಾಗಿಸದೆ ಒಂದೂವರೆ ಅಡಿ ದೂರದಲ್ಲಿ ಸುತ್ತಲೂ ಹಾಕಿ ಮಣ್ಣು ಮುಚ್ಚಿ. ರಾಸಾಯನಿಕ ಬೇಡವೆಂದರೆ ಅದೇ ಹೊತ್ತಿಗೆ 10 ಕಿಲೋ ಗೊಬ್ಬರ ಹಾಕಿ, ವಾರ ಬಿಟ್ಟು ಒಲೆಯ ಬೂದಿ ಹಾಕಿ. ಬೂದಿಯನ್ನು ಯೂರಿಯಾ ಜೊತೆ ಬೆರೆಸಿದರೆ ಸಾರಜನಕ ಗಾಳಿಗೆ ಹೋಗುತ್ತದೆ. ಬಚ್ಚಲ ನೀರು ಬಾಳೆಗೆ ಒಗ್ಗುತ್ತದೆ, ಆದರೆ ಬಟ್ಟೆ ಒಗೆದ ಪುಡಿಯ ನೀರನ್ನು ಬೇರೆ ಕಡೆ ತಿರುಗಿಸಿ. ಬೇಸಿಗೆಯಲ್ಲಿ ಒಂದು ಗಿಡಕ್ಕೆ ದಿನಕ್ಕೆ 15–20 ಲೀಟರ್ ಬೇಕು. ನೀರು ಬುಡದಲ್ಲಿ ನಿಲ್ಲಬಾರದು.

ಪ್ರಶ್ನೆ: ನಮ್ಮ ಬಾಳೆ ಹಳೆಯದು. ಮೊದಲು ಎಂಟು ಚಿಪ್ಪಿನ ಗೊನೆ ಬರುತ್ತಿತ್ತು, ಈಗ ನಾಲ್ಕಕ್ಕೆ ಇಳಿದಿದೆ. ಗೊಬ್ಬರ ಹಾಕಿದರೂ ಪ್ರಯೋಜನವಿಲ್ಲ.
– ಯಲ್ಲಾಪುರದ ಓದುಗರು

ಉತ್ತರ: ನಿಮ್ಮ ಬುಡದಲ್ಲಿ ಎಷ್ಟು ಕಂದುಗಳಿವೆ, ಮೊದಲು ಎಣಿಸಿ. ಹತ್ತು ಹನ್ನೆರಡು ಇದ್ದರೆ ನೀವು ಹಾಕಿದ ಗೊಬ್ಬರ ಅಷ್ಟೂ ಬಾಯಿಗೆ ಹಂಚಿಹೋಗುತ್ತಿದೆ. ಒಂದು ಬುಡದಲ್ಲಿ ಗೊನೆ ಹೊತ್ತ ತಾಯಿ, ಎದೆಮಟ್ಟದ ಒಂದು ಮಗಳು, ಮೊಣಕಾಲೆತ್ತರದ ಒಂದು ಮೊಮ್ಮಗಳು ಇರಲಿ. ಮೂರಕ್ಕಿಂತ ಹೆಚ್ಚು ಬೇಡ. ಹೊಸದಾಗಿ ನೆಟ್ಟದ್ದಾದರೆ ತಾಯಿ ಹೂ ಬಿಡುವ ತನಕ ಬಂದ ಕಂದನ್ನೆಲ್ಲ ತೆಗೆದು, ಹೂ ಕಂಡ ಮೇಲೆ ಒಂದನ್ನು ಬೆಳೆಯಲು ಬಿಡಿ.

ಕತ್ತಿಯಿಂದ ನೆಲಮಟ್ಟಕ್ಕೆ ಕೊಯ್ದರೆ ಹದಿನೈದು ದಿನದಲ್ಲಿ ಮತ್ತೆ ಚಿಗುರುತ್ತದೆ, ಏಕೆಂದರೆ ಬೆಳೆಯುವ ಕುಡಿ ಮಣ್ಣಿನೊಳಗಿದೆ. ಕೊಯ್ದ ಜಾಗದ ನಟ್ಟನಡುವೆ ಹಾರೆಯ ಚೂಪು ತುದಿ ಇಳಿಸಿ ತಿರುಪಿ. ಕುಡಿ ನಾಶವಾದರೆ ಮತ್ತೆ ಬರುವುದಿಲ್ಲ.

ಇನ್ನೊಂದು ಕಾರಣ, ಬುಡ ಮೇಲೇಳುವುದು. ಪ್ರತಿ ತಲೆಮಾರಿನ ಕಂದು ಹಿಂದಿನದಕ್ಕಿಂತ ಸ್ವಲ್ಪ ಮೇಲೆ ಹುಟ್ಟುತ್ತದೆ. ಕೆಲವು ವರ್ಷದಲ್ಲಿ ಗಡ್ಡೆ ಮಣ್ಣಿನ ಹೊರಗೇ ಕಾಣುತ್ತದೆ, ಬೇರಿಗೆ ಹಿಡಿತ ಇರುವುದಿಲ್ಲ. ವರ್ಷಕ್ಕೊಮ್ಮೆ ಮಣ್ಣು ಏರಿಸಿ, ಮೇಲೆ ಅರ್ಧ ಅಡಿ ದರಕು (ಒಣಗಿದ ಎಲೆ) ಹೊದಿಸಿ. ನಾಲ್ಕೈದು ವರ್ಷ ಕಳೆದ ಬುಡವನ್ನು ಕಿತ್ತು, ಒಳ್ಳೆಯ ಕಂದನ್ನು ಬೇರೆ ಜಾಗದಲ್ಲಿ ನೆಡುವುದೇ ಸರಿ. ನಿಮ್ಮದಕ್ಕೂ ಇದನ್ನೇ ಹೇಳುತ್ತೇವೆ.

ಗೊನೆ ಕಡಿದ ಕೂಡಲೇ ತಾಯಿಯನ್ನು ಬುಡಕ್ಕೆ ಕಡಿಯಬೇಡಿ. ಮೂರು ಅಡಿ ಮೋಟು ಬಿಟ್ಟರೆ ಅದರೊಳಗಿನ ಸಾರ ಮಗಳಿಗೆ ಇಳಿಯುತ್ತದೆ. ಕಾಂಡದಲ್ಲಿ ತೂತು, ಅಂಟಂಟು ರಸ ಕಂಡಿದ್ದರೆ ಮಾತ್ರ ಈ ದಯೆ ಬೇಡ: ಅದು ಕಾಂಡ ಕೊರಕ, ಪೂರ್ತಿ ಕಡಿದು ಚೂರು ಮಾಡಿ ಒಣಗಿಸಿ.

ಪ್ರಶ್ನೆ: ಮನೆ ಸಮುದ್ರದ ಹತ್ತಿರ. ಎಲೆಯ ಅಂಚು ಸುಡುತ್ತದೆ, ಗೊನೆ ಬಲಿಯುವ ಮೊದಲೇ ಗಿಡ ಬೀಳುತ್ತದೆ.
– ಕಾರವಾರದ ಓದುಗರು

ಉತ್ತರ: ಗಾಳಿಗೆ ಎಲೆ ಸೀಳಾದರೆ ಚಿಂತೆಯಿಲ್ಲ. ಅಂಚು ಕಂದುವುದು ಉಪ್ಪಿನಿಂದ. ಗಾಳಿಯಲ್ಲೂ ಬರುತ್ತದೆ, ಏಪ್ರಿಲ್–ಮೇನಲ್ಲಿ ಸವಳಾಗುವ ಬಾವಿ ನೀರಿನಲ್ಲೂ ಬರುತ್ತದೆ. ಮನೆಯ ಪೂರ್ವಕ್ಕೆ, ಗೋಡೆಯ ಮರೆಯಲ್ಲಿ ನೆಡಿ. ಗಿಡ್ಡ ಪಚ್ಚಬಾಳೆ ನಿಮಗೆ ಹೊಂದುತ್ತದೆ.

ಬಿದ್ದ ಗಿಡವನ್ನು ಎಳೆದು ಹಾಕುವ ಮೊದಲು ಎಲ್ಲಿ ತುಂಡಾಗಿದೆ ನೋಡಿ. ನಡುವಿನಲ್ಲಿ ಮುರಿದಿದ್ದರೆ ಕಾಂಡ ಕೊರಕ. ಗಡ್ಡೆ ಸಮೇತ ಕಿತ್ತು ಬಂದು ಬೇರು ಕಪ್ಪಾಗಿದ್ದರೆ ಬೇರು ತಿನ್ನುವ ಜಂತುಹುಳ ಅಥವಾ ಮೂತಿಹುಳ. ಬೇರು ಆರೋಗ್ಯವಾಗಿದ್ದರೆ ಬರೀ ಗಾಳಿ, ಭಾರ. ಮೂತಿಹುಳಕ್ಕೆ ಒಂದಡಿ ಉದ್ದದ ಬಾಳೆಕಾಂಡವನ್ನು ಉದ್ದಕ್ಕೆ ಸೀಳಿ, ಸೀಳಿದ ಮುಖ ನೆಲಕ್ಕೆ ಮಾಡಿ ಬುಡದಲ್ಲಿಡಿ. ಎರಡು ದಿನಕ್ಕೊಮ್ಮೆ ಎತ್ತಿ ಅಡಿಯಲ್ಲಿ ಸೇರಿದ ಕಪ್ಪು ಹುಳಗಳನ್ನು ಕೊಲ್ಲಿ. ಗಾಳಿಗಾದರೆ ಹೂ ಬಿಟ್ಟ ವಾರದೊಳಗೆ ಎರಡು ಬಿದಿರನ್ನು ಕತ್ತರಿಯಂತೆ ಕಟ್ಟಿ, ಗಿಡ ವಾಲಿದ ಕಡೆಯಿಂದ ಕುತ್ತಿಗೆಗೆ ಊರೆ ಕೊಡಿ. ಬಿದಿರು ತಾಗುವಲ್ಲಿ ಗೋಣಿ ಸುತ್ತಿ.

ಪ್ರಶ್ನೆ: ಎಲೆ ಎಷ್ಟು ಕೊಯ್ಯಬಹುದು?
– ಶಿರಸಿಯ ಓದುಗರು

ಉತ್ತರ: ಹೂ ಬಿಟ್ಟ ಮೇಲೆ ಹೊಸ ಎಲೆ ಬರುವುದಿಲ್ಲ. ಆಗ ಇರುವ ಎಂಟು–ಹತ್ತು ಎಲೆಗಳೇ ಗೊನೆಯನ್ನು ತುಂಬಿಸಬೇಕು, ಹಾಗಾಗಿ ಅವನ್ನು ಮುಟ್ಟಬೇಡಿ. ಹಬ್ಬ, ಶ್ರಾದ್ಧಕ್ಕೆ ಎಲೆ ಬೇಕಾಗುವ ಮನೆಯಲ್ಲಿ ಒಂದು ಬುಡವನ್ನು ಎಲೆಗೆಂದೇ ಬಿಡಿ. ಅಲ್ಲಿ ನಾಲ್ಕೈದು ಕಂದು ಇದ್ದರೂ ಸರಿ, ಗೊನೆಯ ಆಸೆ ಬೇಡ. ಬೆಳೆಯುವ ಕಾಲದಲ್ಲಿ ವಾರ–ಹತ್ತು ದಿನಕ್ಕೊಂದು ಎಲೆ ಬರುತ್ತದೆ. ಪೂರ್ತಿ ಬಿಚ್ಚಿ ಗಾಳಿಗೆ ಸೀಳುವ ಮೊದಲು ಕೊಯ್ಯಿರಿ.

ಪ್ರಶ್ನೆ: ಒಂದು ಗಿಡದ ಎಲೆಗಳು ಕಿರಿದಾಗಿ ಮೇಲೆ ಗುಂಪುಗೂಡಿವೆ. ಇನ್ನೊಂದರ ಎಲೆ ಹಳದಿಯಾಗಿ ಕಾಂಡಕ್ಕೆ ಜೋತುಬಿದ್ದಿದೆ. ಔಷಧ ಹೇಳಿ.
– ಅಂಕೋಲಾದ ಓದುಗರು

ಉತ್ತರ: ಎರಡಕ್ಕೂ ಔಷಧವಿಲ್ಲ. ಮೊದಲನೆಯದು ಗುಚ್ಛತಲೆ ರೋಗ. ಎಲೆದಂಟನ್ನು ಬೆಳಕಿಗೆ ಹಿಡಿದರೆ ಕಡುಹಸಿರು ಚುಕ್ಕೆ–ಗೀರು ಕಾಣುತ್ತವೆ. ಈ ವೈರಸ್ಸನ್ನು ಹರಡುವುದು ಕಪ್ಪು ಹೇನು. ಮೊದಲು ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪು ಬೆರೆಸಿ ಸುಳಿಗೆ ಸಿಂಪಡಿಸಿ ಹೇನನ್ನು ಕೊಂದು, ಆಮೇಲೆ ಇಡೀ ಬುಡವನ್ನು ಗಡ್ಡೆಯ ಚೂರೂ ಉಳಿಯದಂತೆ ಕೀಳಿ. ಹೇನಿರುವಾಗಲೇ ಎಳೆದಾಡಿದರೆ ಅವು ಪಕ್ಕದ ಗಿಡಕ್ಕೆ ಹೋಗುತ್ತವೆ.

ಎರಡನೆಯದು ಪನಾಮಾ ಸೊರಗು ರೋಗದ ಲಕ್ಷಣ. ಕಾಂಡವನ್ನು ಅಡ್ಡ ಕೊಯ್ದಾಗ ಕೆಂಪು–ಕಂದು ಉಂಗುರ ಕಂಡರೆ ಅನುಮಾನವೇ ಬೇಡ. ಶಿಲೀಂಧ್ರ ದಶಕಗಟ್ಟಲೆ ಮಣ್ಣಿನಲ್ಲಿರುತ್ತದೆ. ಆ ಜಾಗದಲ್ಲಿ ಏಲಕ್ಕಿ, ರಸಬಾಳೆ ಮತ್ತೆ ನೆಡಬೇಡಿ. ಅಲ್ಲಿ ಬಳಸಿದ ಗುದ್ದಲಿಯನ್ನು ತೊಳೆದೇ ಬೇರೆ ಬುಡಕ್ಕೆ ಒಯ್ಯಿರಿ. ಆ ಕಂದನ್ನು ನೆಂಟರಿಗೂ ಕೊಡಬೇಡಿ.

ಪ್ರಶ್ನೆ: ಗೊನೆ ಯಾವಾಗ ಕಡಿಯಬೇಕು? ಎಲ್ಲ ಒಟ್ಟಿಗೆ ಹಣ್ಣಾದರೆ ಏನು ಮಾಡುವುದು?
– ಸಿದ್ದಾಪುರದ ಓದುಗರು

ಉತ್ತರ: ಹೂ ಬಿಟ್ಟು ಮೂರರಿಂದ ನಾಲ್ಕು ತಿಂಗಳಿಗೆ ಕಾಯಿಯ ಏಣು ಮಾಸಿ ದುಂಡಗಾಗುತ್ತದೆ, ಆಗ ಕಡಿಯಿರಿ. ಕೊನೆಯ ಚಿಪ್ಪು ಬಿಚ್ಚಿದ ಮೇಲೆ ಒಂದು ಗೇಣು ಕೆಳಗೆ ಕುಂಡಿಗೆ ಕೊಯ್ದಿದ್ದರೆ ಕಾಯಿ ಚೆನ್ನಾಗಿ ತುಂಬಿರುತ್ತದೆ. ಮಂಗಗಳ ಕಾಟವಿದ್ದಲ್ಲಿ ಏಣು ಪೂರ್ತಿ ಮಾಸುವವರೆಗೆ ಕಾಯದೆ ವಾರ ಮೊದಲೇ ಕಡಿಯುವುದು ವಾಸಿ. ಇಡೀ ಗೊನೆಯನ್ನು ಹಣ್ಣಿಗೆ ಹಾಕದೆ ಚಿಪ್ಪು ಬಿಡಿಸಿ, ಎರಡೆರಡು ಚಿಪ್ಪನ್ನು ಒಂದು ಮಾಗಿದ ಹಣ್ಣಿನೊಂದಿಗೆ ಡಬ್ಬಿಯಲ್ಲಿ ಮುಚ್ಚಿಡಿ. ಉಳಿದವು ತಂಪು ಜಾಗದಲ್ಲಿ, ಗಾಳಿಯಾಡುವಂತೆ ಇರಲಿ. ಕಾರ್ಬೈಡ್ ಬಳಸಬೇಡಿ, ಅದಕ್ಕೆ ಕಾನೂನಿನ ನಿಷೇಧವಿದೆ. ಆದರೂ ಹಣ್ಣು ಮಿಕ್ಕರೆ, ಬೇಸಿಗೆಯಾದರೆ ಸುಕೇಳಿ ಮಾಡಿ: ಮಾಗಿದ, ಆದರೆ ಕರಗದ ಹಣ್ಣನ್ನು ಸುಲಿದು ಉದ್ದಕ್ಕೆ ಸೀಳಿ, ತೆಳು ಬಟ್ಟೆ ಮುಚ್ಚಿ ಬಿಸಿಲಿಗಿಡಿ, ಸಂಜೆ ಒಳಗೆ ತನ್ನಿ. ದಿನಕ್ಕೊಮ್ಮೆ ಮಗುಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ. ಮಳೆಗಾಲದಲ್ಲಿ ಇದಕ್ಕೆ ಕೈ ಹಾಕಬೇಡಿ, ಬೂಸಲು ಹಿಡಿಯುತ್ತದೆ. ಆಗ ಮುಳಕ, ರಸಾಯನ, ಬನ್ಸ್ ಮಾಡುವುದೇ ಒಳ್ಳೆಯದು.